ನಾನು ಅಂದದ್ದು ಬರೀ ‘ಹ್ಞೂಂ’

ಫೋನು, ಇಂಟರ್‌ನೆಟ್ ಮಾರುವ ಕಂಪನಿಗಳನ್ನು ಹದ್ದುಬಸ್ತಿನಲ್ಲಿ ಇಡಲೆಂದೇ ಕುರ್ಚಿ ಹಾಕಿಸಿಕೊಂಡು ಕೂತಿರುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಿ. ಈ ಇಂಗ್ಲಿಷರ ದೇಶಕ್ಕೆ ಬಂದು ಇಪ್ಪತ್ತೆಂಟು ವರ್ಷ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದಿದ ಕೈ ಇದು. ಮೊಬೈಲಿನಿಂದ ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಯಂತ್ರವೊಂದು ‘ಆನ್‌ಲೈನಿನಲ್ಲಿ ದೂರು ಕೊಡಿ’ ಎನ್ನುತ್ತದೆ. ಮನೆಯಲ್ಲಿ ಇಂಟರ್‌ನೆಟ್ ಕೆಟ್ಟಿದೆ ಎಂಬ ದೂರನ್ನು ಇಂಟರ್‌ನೆಟ್ಟಿನಲ್ಲೇ ಕೊಡಬೇಕಂತೆ. ಇದನ್ನು ಯೋಚಿಸಿದ ಪುಣ್ಯಾತ್ಮನಿಗೆ ಬಡ್ತಿಯೂ ಸಿಕ್ಕಿರಬೇಕು. ಹಾಗಾಗಿ ನನಗೆ ಬರುವ ಭಾಷೆಯಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಮಗಳು ಪ್ರತೀಕ್ಷಾ ಇದನ್ನು ಇಂಗ್ಲಿಷಿಗೆ ಮಾಡಿ ನಿಮಗೆ ಕಳಿಸುತ್ತಾಳೆ. ಅದು ಮೆತ್ತಗೆ ಕಂಡರೆ ಅವಳ ಸಭ್ಯತೆ, ನನ್ನದಲ್ಲ.

ದೂರು ಇಷ್ಟೇ. ನಾನು ಕೇಳದೆ ಒಂದು ಕಂಪನಿ ನನ್ನ ಮನೆಯ ಲೈನನ್ನು ಎತ್ತಿಕೊಂಡು ಹೋಗಿದೆ. ಅದರಿಂದಾಗಿ, ಗುಣವಾಗಿ ಕೂತಿರುವ ನನ್ನ ಹೆಂಡತಿ ನೀಲವ್ವ ಆಸ್ಪತ್ರೆಯಿಂದ ಮನೆಗೆ ಬರಲಾಗುತ್ತಿಲ್ಲ.

ನಮ್ಮ ಮನೆಗೆ ಬರುವುದು ಒಂದೇ ತಾಮ್ರದ ತಂತಿ. ತಂತಿಯ ಯಜಮಾನ ಒಬ್ಬ, ಅದರ ಮೇಲೆ ಇಂಟರ್‌ನೆಟ್ ಮಾರುವವರು ಹತ್ತಾರು ಜನ. ಪೈಪೋಟಿಯಿಂದ ಗಿರಾಕಿಗೆ ಸುಖ ಎಂದು ನಿಮ್ಮ ಕಚೇರಿಯೇ ಮಾಡಿಟ್ಟ ಏರ್ಪಾಡು. ಆಗಲಿ. ನಾವೂ ಒಂದು ಕಂಪನಿಯ ಡಬ್ಬಿ ಹಚ್ಚಿಕೊಂಡು ಸುಮ್ಮನಿದ್ದೆವು. ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್‌ನವರು ನೀಲವ್ವನ ಕೊರಳಿಗೆ ಒಂದು ಕೆಂಪು ಗುಂಡಿ ಕೊಟ್ಟಿದ್ದರು, ತಾಳಿಯ ಜೊತೆಗೇ ಇರುತ್ತಿತ್ತು. ಬಿದ್ದಾಗ ಒತ್ತಿದರೆ ಮೂಲೆಯ ಪೆಟ್ಟಿಗೆಯೊಳಗಿಂದ ಯಾರೋ ‘ಏನಾಯಿತು?’ ಎಂದು ಕೇಳುತ್ತಾರೆ, ಆಂಬುಲೆನ್ಸ್ ಕಳಿಸುತ್ತಾರೆ. ಆ ಪೆಟ್ಟಿಗೆಯ ವಾಯರನ್ನು ಇಂಟರ್‌ನೆಟ್ ಡಬ್ಬಿಯ ಹಿಂದೆ, ಫೋನಿನ ಕಿಂಡಿಗೆ ಚುಚ್ಚಬೇಕು. ಇದು ನೆನಪಿರಲಿ.

ಸೆಪ್ಟೆಂಬರಿನಲ್ಲಿ ಬೇರೊಂದು ಕಂಪನಿಯ ಹೆಣ್ಣುಮಗಳು ಫೋನ್ ಮಾಡಿದಳು. ಉಸಿರು ತಗೊಳ್ಳದೆ ಇಂಗ್ಲಿಷ್ ಮಾತಾಡಿದಳು. ನಾನು ‘ಹ್ಞೂಂ... ಹ್ಞೂಂ...’ ಎಂದೆ. ನಮ್ಮ ಧಾರವಾಡದ ಕಡೆ ಎದುರಿನವರು ಮಾತಾಡುವಾಗ ಹ್ಞೂಂಗುಟ್ಟದಿದ್ದರೆ ಸೊಕ್ಕಿನ ಮನುಷ್ಯ ಅನ್ನುತ್ತಾರೆ. ಹ್ಞೂಂ ಎಂದರೆ ಕಿವಿ ಇಲ್ಲೇ ಇದೆ, ಮುಂದೆ ಹೇಳವ್ವಾ ಎಂದು. ಅಷ್ಟೇ. ಆ ಕಂಪನಿಯ ದಫ್ತರದಲ್ಲಿ ಅದರ ಅರ್ಥ ‘ಒಪ್ಪಿದ್ದೇನೆ’ ಎಂದು! ಆಮೇಲೆ ಜಗಳಕ್ಕೆ ಹೋದಾಗ ಆ ಮಾತುಕತೆಯ ರೆಕಾರ್ಡಿಂಗನ್ನು ಹೆಮ್ಮೆಯಿಂದ ನಮಗೇ ಕೇಳಿಸಿದರು. ಪ್ರತೀಕ್ಷಾ ಹಣೆ ಹಿಡಿದುಕೊಂಡಳು.

“ಅಪ್ಪಾ, ಯು ಸೆಡ್ ಯೆಸ್ ಇಲೆವನ್ ಟೈಮ್ಸ್!”

“ಯೆಸ್ ಎಲ್ಲಿ ಅಂದೇನವಾ? ಹ್ಞೂಂ ಅಂದೇನಿ.”

“ದೇ ಡೋಂಟ್ ನೋ ಹ್ಞೂಂ, ಅಪ್ಪಾ.”

“ಗೊತ್ತಿಲ್ಲಂದ್ರ ಬಾಯಿ ಬಿಟ್ಟು ಕೇಳಬೇಕಿಲ್ಲ? ನಿಮ್ಮವ್ವನ ಜೋಡಿ ನಲವತ್ತೆರಡು ವರ್ಷ ಹ್ಞೂಂ ಅಂತನ ಬಂದೇನಿ. ಅಕಿ ಒಂದಿನಾನೂ ಅದನ್ನ ಒಪ್ಪಿಗಿ ಅಂತ ತಿಳಕೊಂಡಿಲ್ಲ.”

ನಡುವೆ ಹಳೆಯ ಕಂಪನಿಯಿಂದ ‘ನೀವು ನಮ್ಮನ್ನು ಬಿಟ್ಟು ಹೋಗುತ್ತಿರುವುದು ಬೇಸರ’ ಎಂಬ ಕಾಗದ ಬಂದಿತ್ತು. ಜಾಹೀರಾತು ಎಂದು ರದ್ದಿಗೆ ಹಾಕಿದೆ. ಆ ತಪ್ಪು ನನ್ನದು, ಒಪ್ಪುತ್ತೇನೆ. ಇದು ನಿಜವಾದ ಒಪ್ಪಿಗೆ, ಬೇಕಾದರೆ ರೆಕಾರ್ಡ್ ಮಾಡಿಕೊಳ್ಳಿ.

ಅಕ್ಟೋಬರ್ ಏಳಕ್ಕೆ ಹಳೆಯ ಡಬ್ಬಿಯ ದೀಪ ಆರಿತು. ಅದೇ ದಿನ ಕೇಳದ ಹೊಸ ಡಬ್ಬಿ ಬಂತು. ಅದಕ್ಕೆ ಫೋನಿನ ಕಿಂಡಿಯೇ ಇಲ್ಲ, ಹಚ್ಚದೆ ಹಾಗೇ ಇಟ್ಟೆವು. ‘ನಾವು ಇಂಟರ್‌ನೆಟ್ ಮಾತ್ರ ಮಾರುತ್ತೇವೆ, ಫೋನ್ ಅಲ್ಲ’ ಎಂದರು. ಹೋಗಲಿ, ನಾಲ್ಕು ದಿನ ಮೊಬೈಲಿನಲ್ಲೇ ಕಾಲ ಹಾಕೋಣ ಎಂದುಕೊಂಡೆವು. ಮೂಲೆಯ ಪೆಟ್ಟಿಗೆಯೂ ಮೂಕವಾಗಿದೆ ಎಂದು ನಮಗೆ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಹತ್ತನೆಯ ತಾರೀಖು ಕಾಯಿಪಲ್ಯಕ್ಕೆಂದು ಸೌತ್‌ಹಾಲ್‌ಗೆ ಹೋಗಿ, ಒಂದೂವರೆ ತಾಸು ಬಿಟ್ಟು ಬಂದೆ. ನೀಲವ್ವ ಬಚ್ಚಲ ನೆಲದ ಮೇಲೆ ಬಿದ್ದಿದ್ದಳು. ಸೊಂಟದ ಎಲುಬು ಮುರಿದಿತ್ತು. ಗುಂಡಿಯನ್ನು ಇನ್ನೂ ಒತ್ತುತ್ತಲೇ ಇದ್ದಳು.

“ಎಷ್ಟ್ ಸಲ ಒತ್ತೇನ್ರೀ,” ಎಂದಳು. “ಹ್ಞೂಂ ಅನ್ನೂ ಮನಷ್ಯಾ ಒಬ್ಬನೂ ಇಲ್ಲೇನ್ರೀ ಅದರಾಗ?”

ಮೊಬೈಲಿನಿಂದ ಆಂಬುಲೆನ್ಸ್ ಕರೆಸಿದೆ. ಅವಳ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಆಮೇಲೆ ನಾನು ಬಾಗಿಲು ಬಾಗಿಲು ಅಲೆದೆ. ಹಳೆಯ ಕಂಪನಿ: ಲೈನು ಅವರ ಬಳಿ ಇದೆ, ಅವರು ಬಿಡಲಿ. ಹೊಸ ಕಂಪನಿ: ನೀವು ಒಪ್ಪಿದ್ದೀರಿ, ಬೇಡ ಎನ್ನುವ ಗಡುವು ಮುಗಿದಿದೆ. ತಂತಿಯ ಯಜಮಾನ: ನಾವು ಗಿರಾಕಿಗಳ ಜೊತೆ ಮಾತಾಡುವುದಿಲ್ಲ. ಕೊನೆಗೆ ಬೀದಿಯ ತಿರುವಿನಲ್ಲಿ, ಹಸಿರು ಪೆಟ್ಟಿಗೆ ತೆರೆದುಕೊಂಡು ಕೂತಿದ್ದ ಅವರ ಲೈನ್‌ಮನ್ ಒಬ್ಬನನ್ನು ಹಿಡಿದೆ. ಪಾಪ, ಒಳ್ಳೆಯ ಹುಡುಗ. ಪರೀಕ್ಷಿಸಿ ನೋಡಿ ತಂತಿ ಚೊಕ್ಕವಾಗಿದೆ ಎಂದ. ಹಾಗಾದರೆ ಮೊದಲಿನ ಹಾಗೇ ಹಚ್ಚಪ್ಪಾ ಎಂದೆ. ಕಂಪನಿಯಿಂದ ಆರ್ಡರ್ ಬರಬೇಕು ಎಂದ. ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದೆ. “ಐದು ನಿಮಿಷ ಸರ್,” ಎಂದು ನೆಲ ನೋಡಿದ. ಐದು ನಿಮಿಷದ ಕೆಲಸ ನಾಲ್ಕು ವಾರದಿಂದ ಆಗುತ್ತಿಲ್ಲ. ಇದೇ ಏನು ಸ್ವಾಮಿ ನಿಮ್ಮ ಪೈಪೋಟಿ? ಲೈನು ಎತ್ತಿಕೊಳ್ಳಲು ಎಲ್ಲರೂ ಓಡಿ ಬರುತ್ತಾರೆ, ಹೊಣೆ ಹೊರುವಾಗ ಒಬ್ಬನೂ ಕಾಣುವುದಿಲ್ಲ.

ನಿಮ್ಮ ಕಚೇರಿಗೆ ಬರೆದರೆ, ಒಬ್ಬೊಬ್ಬರ ದೂರನ್ನು ನೀವು ವಿಚಾರಿಸುವುದಿಲ್ಲ ಎಂಬ ಉತ್ತರ ಬಂತು. ಮತ್ತೇನು, ಮುದುಕಿಯರು ಗುಂಪು ಕಟ್ಟಿಕೊಂಡು ಬೀಳಬೇಕೇ?

ಈಗ ನೀಲವ್ವ ಕೋಲು ಹಿಡಿದು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಮನೆಗೆ ಬಿಡಿ ಎಂದರೆ, ಗುಂಡಿ ಕೆಲಸ ಮಾಡದ ಮನೆಗೆ ಕಳಿಸುವುದಿಲ್ಲ ಎನ್ನುತ್ತಾರೆ. ಅವರದು ಸರಿ. ಮಗಳ ಫ್ಲಾಟು ಟೂಟಿಂಗ್‌ನಲ್ಲಿ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ತಂತಿ ಬೇಡದ, ಸಿಮ್ ಹಾಕುವ ಪೆಟ್ಟಿಗೆಗೆ ಕೌನ್ಸಿಲ್‌ನಲ್ಲಿ ಜನವರಿಯವರೆಗೆ ಪಾಳಿ. ದಿನಾ ನಾನು ಹೋದ ಕೂಡಲೇ ನೀಲವ್ವ ಕೇಳುವುದು ಒಂದೇ: “ಲೈನ್ ಬಂತೇನ್ರೀ?” ಈ ಪ್ರಶ್ನೆಗೆ ಮಾತ್ರ ನನ್ನ ಬಾಯಲ್ಲಿ ಹ್ಞೂಂ ಬರುವುದಿಲ್ಲ.

ಕ್ಷಮೆಯ ಕಾಗದ ಬೇಡ. ‘ನಿಮ್ಮ ಬೇಸರ ಅರ್ಥವಾಗುತ್ತದೆ’ ಎಂಬ ಮಾತೂ ಬೇಡ. ಲೈನನ್ನು ಹಳೆಯ ಕಂಪನಿಗೆ, ಹಳೆಯ ನಂಬರಿಗೆ ಮರಳಿ ಹಚ್ಚಿಸಿ. ಯಾವ ದಿನ ಹಚ್ಚಿಸುತ್ತೀರಿ ಎಂಬುದನ್ನು ನವೆಂಬರ್ ಹದಿನಾಲ್ಕು, ಶುಕ್ರವಾರ, ಸಂಜೆ ಐದರೊಳಗೆ ಬರೆದು ತಿಳಿಸಿ.

ಇಂತಿ,
ಇನ್ನು ಮೇಲೆ ಫೋನಿನಲ್ಲಿ ಸೊಕ್ಕಿನವನಂತೆ ಸುಮ್ಮನಿರಲು ಕಲಿಯುತ್ತಿರುವ
ದಾನಪ್ಪ