ಮೂಲೆಯ ಜವೆಗೋಧಿ

ಫೆಬ್ರವರಿ ಮೂವತ್ತು, ೨೩೧೬
ಡೋಣಿ ಹೊಳೆಯ ದಂಡೆ

ಹಿಂದಿನವರೇ,

ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವಂತೆ, ನಮಗಿದೆ. ನನ್ನ ಮಾತು ಅಲ್ಲಲ್ಲಿ ತಿಳಿಯದಿದ್ದರೆ ಕ್ಷಮಿಸಿ. ಏಳನೆಯ ತರಗತಿಯವರೆಗೆ ಓದಿದವಳು, ದಿನಚರಿ ಬರೆದಷ್ಟೇ ಅಭ್ಯಾಸ.

ನಾನೂ ಅಕ್ಕ ನೀಲಗಂಗವ್ವನೂ ಮೊಳಕೆಮನೆಯಲ್ಲಿ ದುಡಿದವರು. ಜವೆಗೋಧಿ ನೆನೆಸಿ, ಕಲ್ಲುನೆಲದ ಮೇಲೆ ಹರಡಿ, ಹೊತ್ತುಹೊತ್ತಿಗೆ ತಿರುವಿ, ಮೊಳೆತ ಮೇಲೆ ಭಟ್ಟಿಯಲ್ಲಿ ಒಣಗಿಸಿದರೆ ಮಾಲ್ಟ್. ಊರಿನ ಕೂಸುಗಳಿಗೆಲ್ಲ ಅದರದೇ ಗಂಜಿ. ನೀರು ಕುಡಿದ ಕಾಳಿನೊಳಗಿನ ಕುಡಿ ಒಂದು ರಸ ಬಿಡುತ್ತದೆ. ಅದು ಸಿಪ್ಪೆಯ ಒಳಪದರಕ್ಕೆ ಮುಟ್ಟಿದರೆ ಹಿಟ್ಟು ಸಿಹಿಯಾಗತೊಡಗುತ್ತದೆ. ನೀವು ಅದನ್ನು ಜಿಬ್ಬರೆಲಿನ್ ಎನ್ನುತ್ತಿದ್ದಿರಿ. ನಾವು ಆ ರಸವನ್ನು ಹೊರಗಿನಿಂದಲೇ ಚಿಮುಕಿಸಿ, ಆರು ದಿನದ ಕೆಲಸವನ್ನು ನಾಲ್ಕಕ್ಕೆ ಮುಗಿಸುತ್ತಿದ್ದೆವು. ಅದಕ್ಕೆ ಎಬ್ಬಿಸುನೀರು ಎಂದು ಹೆಸರು. ಬಿತ್ತನೆಗೂ ಅದೇ. ತಲೆಮಾರುಗಳು ಕಳೆದವು, ಕಾಳು ತಾನಾಗಿ ಏಳಬಲ್ಲದೇ ಎಂದು ಯಾರೂ ನೋಡಲಿಲ್ಲ.

ಅಕ್ಕ ಒಬ್ಬಳು ನೋಡಿದಳು. ಮೂಲೆಯಲ್ಲಿ ಒಂದಿಷ್ಟು ಕಾಳಿಗೆ ಬರೀ ಬಾವಿನೀರು ಹಾಕಿ, ಎದ್ದವನ್ನಷ್ಟೇ ಬಿತ್ತಿ, ಒಂಬತ್ತು ವರ್ಷ ಆ ತಳಿ ಉಳಿಸಿದ್ದಳು.

"ಅಕ್ಕಾ, ನಿನ್ನ ಮೈಗಳ್ಳರು ಇನ್ನೂ ಎದ್ದಿಲ್ಲ ನೋಡ!" ಎಂದು ನಾನು ಕಾಡುತ್ತಿದ್ದೆ.

"ಏಳ್ತಾವ ಬಿಡ. ಯಾರೂ ಕರೀದನ ಏಳೂದು ಕಲೀಲಿ."

ಕಳೆದ ಅಕ್ಟೋಬರಿನಲ್ಲಿ ಅಕ್ಕ ತೀರಿಕೊಂಡಳು. ಸಾವಾದ ಮನೆಯಲ್ಲಿ, ಹೆಣ ಎತ್ತುವ ಮುನ್ನ ನೆಲದ ಮೇಲಿನ ಕಾಳನ್ನೆಲ್ಲ ಭಟ್ಟಿಗೆ ಸುರಿದು ನೆಲ ಬರಿದು ಮಾಡುವುದು ನಮ್ಮ ಪದ್ಧತಿ. ಅಳುತ್ತಲೇ ಗುಡಿಸಿದೆ. ಮೂಲೆಯನ್ನೂ ಗುಡಿಸಿದೆ. ಬಿತ್ತನೆಗೆಂದು ಹಿಂದಿನ ದಿನ ಆಕೆ ನೆನೆಸಿದ್ದ ತಳಿಯೆಲ್ಲ ಅಲ್ಲಿತ್ತು. ಭಟ್ಟಿಯ ಬಿಸಿಗೆ ಕುಡಿ ಸಾಯುತ್ತದೆ.

ಹದಿನೈದು ದಿನದ ಹಿಂದೆ ಎಬ್ಬಿಸುನೀರಿನ ಕಾರ್ಖಾನೆ ಅಕಾಲದ ಪ್ರವಾಹಕ್ಕೆ ಕೊಚ್ಚಿಹೋಯಿತು. ಕಣಜದಿಂದ ನೂರು ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿಟ್ಟೆ. ಒಂದೂ ಏಳಲಿಲ್ಲ. ಮತ್ತೆ ನೂರು ಇಟ್ಟೆ. ಅವೂ ಏಳಲಿಲ್ಲ. ಅಕ್ಕನ ಮೊಮ್ಮಗಳು ಏಳು ತಿಂಗಳ ಕೂಸು. ಡಬ್ಬಿಯ ತಳದಲ್ಲಿ ಎರಡು ವಾರದ ಮಾಲ್ಟ್ ಇದೆ. ಆಮೇಲೆ ಗಂಜಿಯೂ ಇಲ್ಲ, ಬಿತ್ತುವ ಬೀಜವೂ ಇಲ್ಲ.

ಮೊನ್ನೆ ಅಕ್ಕನ ಸೀರೆ ಮಡಚುವಾಗ ಸೆರಗಿನ ತುದಿಯಲ್ಲಿ ಗಂಟೊಂದು ಸಿಕ್ಕಿತು. ಹನ್ನೊಂದು ಕಾಳು, ಮೂಲೆಯ ತಳಿಯವೇ ಇರಬೇಕು. ಅವನ್ನು ಬಾವಿನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ.

ನಿಮ್ಮಲ್ಲಿ ಮೊಳಕೆ ಕಟ್ಟುವವರಿದ್ದರೆ ಒಂದು ಮೂಲೆ ಬಿಡಿ. ಅಲ್ಲಿಗೆ ಬರೀ ನೀರು ಹಾಕಿ. ಸಾವಾದ ದಿನವೂ ಅದನ್ನು ಗುಡಿಸಬೇಡಿ.

ಇಂದು ಮೂರನೆಯ ದಿನ. ಪತ್ರ ಮುಗಿದ ಮೇಲೆ ಕಾಳಿನ ಗಂಟು ಬಿಚ್ಚಿ ನೋಡುತ್ತೇನೆಂದು ಬರೆಯಲು ಕೂತೆ. ಒಳಗೆ ಕೂಸು ಎದ್ದು ಅಳುತ್ತಿದೆ. ಪತ್ರ ಮುಗಿಯಿತು.

ದಾನಮ್ಮ