ಸ್ಕ್ಯಾನಿಗೆ ಸಿಗದ ನೋವು

ಮಾರ್ಚ್ 3, ಬೆಳಿಗ್ಗೆ 5.40
ಮತ್ತೆ ಅದೇ ಜಾಗ. ಹೊಕ್ಕುಳಿನ ಎಡಕ್ಕೆ, ಹೊಲಿಗೆಯ ಪಕ್ಕ. ಕರುಳು ತಿರುಚಿಕೊಂಡಿತ್ತೆಂದು ಒಂದು ಗೇಣು ಕತ್ತರಿಸಿ ತೆಗೆದು ಐದು ತಿಂಗಳಾಯಿತು. ಊಟ ಸೇರುತ್ತದೆ. ನೋವು ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಕ್ಲಚ್ ಒತ್ತಿದರೆ ದಬ್ಬಣ ಚುಚ್ಚಿದ ಹಾಗೆ. ಸಿಟಿ ಬಸ್ಸು, ಹೆಜ್ಜೆಗೊಂದು ಸ್ಟಾಪು… ಡ್ಯೂಟಿಗೆ ಹೊತ್ತಾಯಿತು.

ಮಾರ್ಚ್ 4
ಡಾಕ್ಟರು ಸ್ಕ್ಯಾನ್ ನೋಡಿದರು. ನನ್ನ ಹೊಟ್ಟೆ ಮುಟ್ಟಲಿಲ್ಲ.
“ಎಲ್ಲಾ ಕ್ಲಿಯರ್ ಇದೆ. ಸುಮ್ನೆ ಯೋಚ್ನೆ ಮಾಡ್ಬೇಡಿ.”
ಯೋಚನೆಯಂತೆ! ಕ್ಲಚ್ ಒತ್ತಿದಾಗಲೇ ಬರುವ ಯೋಚನೆ!
ಮನೆಯಲ್ಲಿ ಇವಳು— “ಡಾಕ್ಟ್ರೇ ಏನಿಲ್ಲ ಅಂದ್ಮೇಲೆ ಇನ್ನೇನ್ರೀ?”
ತಟ್ಟೆ ಸರಿಸಿ ಎದ್ದೆ. ಏಳುವಾಗಲೂ ನೋವು. ದರಿದ್ರ.

ಮಾರ್ಚ್ 19
ಎರಡು ವಾರ ಬರೆಯಲಿಲ್ಲ. ಏನಂತ ಬರೆಯಲಿ? ನೋವು, ಮಾತ್ರೆ, ನೋವು.
ಇವತ್ತು ಸಿಗ್ನಲ್ಲಿನಲ್ಲಿ ಚುಚ್ಚಿದ ರಭಸಕ್ಕೆ ಕಾಲು ಕ್ಲಚ್ಚಿನಿಂದ ಜಾರಿತು. ಗೇರಿನಲ್ಲಿದ್ದ ಬಸ್ಸು ಜಿಗಿದು ನಿಂತಿತು. ಮುಂದೆ ರಸ್ತೆ ದಾಟುತ್ತಿದ್ದ ಹೆಂಗಸು… ಒಂದು ಮೊಳ ದೂರ.
ಸದಾ ಸೀಟಿ ಊದುವ ನಮ್ಮ ಕಂಡಕ್ಟರ್ ‘ಪೀಪಿ’ ಓಡಿ ಬಂದ. “ಏನಣ್ಣಾ ಆಯ್ತು?”
ಡಿಪೋಗೆ ಹೋಗಿ ಮ್ಯಾನೇಜರ ಮೇಜಿನ ಮೇಲೆ ಕೀ ಇಟ್ಟೆ.
“ನಾನಿನ್ನು ಓಡ್ಸಲ್ಲ ಸಾರ್. ಹೊಟ್ಟೆ ನೋವು.”
“ಸ್ಕೂಲಿಗೆ ಚಕ್ಕರ್ ಹಾಕೋ ಮಕ್ಳು ಹೇಳೋ ಮಾತಲ್ವೇನ್ರೀ ಇದು? ಫಿಟ್ ಅಂತ ಸರ್ಟಿಫಿಕೇಟ್ ಇದೆಯಲ್ಲ!”
ನಾನು ಕೀ ವಾಪಸ್ ತೆಗೆದುಕೊಳ್ಳಲಿಲ್ಲ.

ಮಾರ್ಚ್ 20
ಪೀಪಿ ಇವಳಿಗೆ ಎಲ್ಲ ಹೇಳಿಬಿಟ್ಟಿದ್ದಾನೆ.
“ನನಗ್ಯಾಕೆ ಹೇಳ್ಲಿಲ್ಲ?”
“ಐದು ತಿಂಗಳಿಂದ ಇನ್ನೇನು ಹೇಳ್ತಾ ಇದೀನಿ?”
ಅಲ್ಲೇ ಕೂತು ಯಾರ್‍ಯಾರಿಗೋ ಫೋನು ಮಾಡಿ ಬೇರೆ ಡಾಕ್ಟರ ಹತ್ತಿರ ಅಪಾಯಿಂಟ್ಮೆಂಟ್ ತೆಗೆದುಕೊಂಡಳು.

ಮಾರ್ಚ್ 24
ಈ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನೋಯುವ ಜಾಗದ ಮೇಲೆ ಒಂದೇ ಬೆರಳಿಟ್ಟು, “ಮಲಗಿದ ಹಾಗೇ ತಲೆ ಎತ್ತಿ” ಎಂದರು. ಎತ್ತಿದೆ. ಕಿರುಚಿಬಿಟ್ಟೆ.
“ಕರುಳಿಂದಲ್ಲ ಇದು. ಹೊಟ್ಟೆ ಗೋಡೆಯ ನರ, ಗಾಯ ಮಾಯುವಾಗ ಸಿಕ್ಕಿಕೊಂಡಿದೆ. ಸ್ಕ್ಯಾನಲ್ಲಿ ಕಾಣ್ಸಲ್ಲ.”
ಅಲ್ಲೇ ಇಂಜೆಕ್ಷನ್. ಹತ್ತು ನಿಮಿಷಕ್ಕೆ ನೋವು ಮಾಯ. ಗಂಡಸು, ಐವತ್ತೆರಡು ವರ್ಷ, ಮಂಚದ ಮೇಲೆ ಕೂತು ಅತ್ತುಬಿಟ್ಟೆ.
ಯಾರೂ ಒಂದು ಬೆರಳಿಟ್ಟು ನೋಡದೆ ಐದು ತಿಂಗಳು ಹಾಳು!

ಏಪ್ರಿಲ್ 2, ಸಂಜೆ
ನೋವು ಅರ್ಧ ಮರಳಿದೆ. ಮರಳಬಹುದು ಎಂದೇ ಹೇಳಿದ್ದರು. ಸೋಮವಾರ ಎರಡನೇ ಇಂಜೆಕ್ಷನ್. ಮ್ಯಾನೇಜರು ಡಾಕ್ಟರಮ್ಮನ ಚೀಟಿ ಓದಿ, ಅಲ್ಲಿಯವರೆಗೆ ಆಫೀಸಿನಲ್ಲಿ ಕೂರಲು ಹೇಳಿದರು. ಸಾರಿ ಎನ್ನಲಿಲ್ಲ.
ಇವಳು ಈಗ ಬಂದು ಪಕ್ಕದಲ್ಲಿ ಕೂತಳು. “ನಿಮ್ಮ ಮಾತು ನಂಬ್ಲೇ ಇಲ್ವಲ್ರೀ ನಾನು…”
ಹೋಗಲಿ ಬಿಡು ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಸಿಟ್ಟು ಇನ್ನೂ ಇದೆ. ಅವಳೂ ಇನ್ನೂ ಕೂತಿದ್ದಾಳೆ. ಇದನ್ನು ಬರೆಯುವುದು ಬಿಟ್ಟು ಅವಳ ಕಡೆ—