ಖಾಲಿ ಮಾಡಿಕೊಟ್ಟ ಅಡುಗೆಮನೆ

ಶಹಾಬಾದ,
12 ಫೆಬ್ರುವರಿ 2025, ಬುಧವಾರ

ಮಗಳು ರಾಧಿಕಾಳಿಗೆ,

ನಿನ್ನ ಅವ್ವ ಮಾಣಿಕಮ್ಮ ಮಾಡುವ ಆಶೀರ್ವಾದ. ನೀನು, ಅಳಿಯ ಸಂಗಮೇಶ್ವರ ಇಬ್ಬರೂ ಸೇಡಂನಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಾನೂ ಆರಾಮ ಇದ್ದೇನೆ ಎಂದು ಇಲ್ಲಿ ಬರೆಯಬೇಕು. ಬರೆದಿದ್ದೇನೆ ಎಂದುಕೋ.

ಎಷ್ಟೋ ದಿನದಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತುತ್ತಿಲ್ಲ. ಮೊಬೈಲ್ ಕೆಟ್ಟಿಲ್ಲ. ನೀನು ಒಮ್ಮೆ ‘ಅವ್ವಾ’ ಎಂದು ಅತ್ತರೆ ಸಾಕು, ನನ್ನ ಸಿಟ್ಟು ಇಳಿದುಹೋಗುತ್ತದೆ. ನಾನೇ ನಿನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತೇನೆ. ಕಡೆಗೆ ತಪ್ಪು ನನ್ನದೇ ಎಂದಾಗುತ್ತದೆ. ಈ ಸಲ ಹಾಗಾಗಬಾರದೆಂದು ಕೂತು ಬರೆಯುತ್ತಿದ್ದೇನೆ.

ಸಂಕ್ರಮಣಕ್ಕೆ ಬಂದಾಗ ಮಾತು ತೆಗೆದವಳು ನೀನೇ. ನಿನ್ನ ಅಪ್ಪ ಇದ್ದಾಗ ಹಾಕಿಸಿದ ಫರ್ಸಿ ಕಲ್ಲಿನ ಅಡುಗೆ ಕಟ್ಟೆ ಕಾವು ತಿಂದು ತಿಂದು ನಡುವೆ ಸೀಳಿತ್ತು. ಸೀಳಿನಲ್ಲಿ ಹಿಟ್ಟು ಸೇರಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನೀನು ಅದರ ಮೇಲೆ ಕೈಯಾಡಿಸಿ, “ಅವ್ವಾ, ಇದನ್ನ ಕೆಡವಿ ಗ್ರಾನೈಟ್ ಹಾಕಿಸ್ತೀವಿ. ಖರ್ಚು ನಮ್ದು. ನೀ ಏನೂ ಮಾತಾಡಬ್ಯಾಡ” ಎಂದೆ. ನಾನು ಏನೂ ಮಾತಾಡಲಿಲ್ಲ. ನೀನು ಹೋದ ಮೇಲೆ ಓಣಿಯ ತುಂಬ ಹೇಳಿಕೊಂಡು ಬಂದೆ, ಮಗಳು ಗ್ರಾನೈಟ್ ಹಾಕಿಸಿಕೊಡುತ್ತಾಳೆ ಎಂದು. ನಮ್ಮ ಖಾನಾವಳಿಗೆ ಊಟಕ್ಕೆ ಬರುವ ಫ್ಯಾಕ್ಟರಿಯವರಿಗೆ, ರೈಲ್ವೆಯವರಿಗೆ, ಎಲ್ಲರಿಗೂ ಹೇಳಿದೆ.

ನನಗಿದ್ದದ್ದು ಭಟ್ಟಿಯ ಚಿಂತೆ ಒಂದೇ. ಹಂಚುಗಳನ್ನು ಸಾಲಾಗಿ ಇಟ್ಟು ರೊಟ್ಟಿ ಸುಡುವ ದೊಡ್ಡ ಗ್ಯಾಸಿನ ಭಟ್ಟಿಗೆ ಕೆಳಗೆ ಜಾಗ ಬೇಕು, ಮೇಲೆ ಕಾವು ಹೋಗುವ ಕಿಂಡಿ ಇರಬೇಕು ಎಂದು ನಿನಗೆ ಹೇಳಿದ್ದೆ. “ಎಲ್ಲಾ ಚಾಂದ್‌ಗೆ ಹೇಳೀನಿ. ನೀ ಚಿಂತಿ ಮಾಡಬ್ಯಾಡ” ಎಂದು ನೀನು ಹೇಳಿದೆ. ಗ್ರಾನೈಟ್ ಕೂಡಿಸುವ ಚಾಂದ್ ಬಂದು ಅಳತೆ ತೆಗೆದುಕೊಂಡು ಹೋದ. ಗೋಡೆಗೆ ಪೆನ್ಸಿಲಿನಿಂದ ಗೀಟು ಹಾಕಿದ. ಆ ಗೀಟು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನಾನು ನೋಡಲೇ ಇಲ್ಲ. ಮಗಳು ಹೇಳಿದ್ದಾಳಲ್ಲ.

ಖಾಲಿ ಮಾಡುವ ದಿನ ನೀನು ಶಾಲೆಗೆ ರಜೆ ಹಾಕಿ ಬಂದೆ. ಅದು ನನಗೆ ಎಷ್ಟು ಖುಷಿ ಕೊಟ್ಟಿತು ಎಂದು ಹೇಳಿದರೆ ನಿನಗೀಗ ಮುಳ್ಳು ಚುಚ್ಚಿದಂತಾಗಬಹುದು. ಆದರೂ ಹೇಳುತ್ತೇನೆ. ಟೀಚರ್ ಆದ ಮೇಲೆ ನೀನು ನನ್ನ ಅಡುಗೆಮನೆಯಲ್ಲಿ ನೆಲಕ್ಕೆ ಕೂತದ್ದನ್ನು ನಾನು ನೋಡಿರಲಿಲ್ಲ. ಅವತ್ತು ಸೀರೆ ಎತ್ತಿ ಸಿಕ್ಕಿಸಿಕೊಂಡು ಕೂತೆ. ನನ್ನ ಜೊತೆ ರೊಟ್ಟಿ ಬಡಿಯುವ ಲಾಲಮ್ಮ ಮೇಲಿನಿಂದ ಡಬ್ಬಿ ಇಳಿಸಿ ಕೊಟ್ಟಂತೆ ನೀನು ಒರೆಸಿ ಇಡುತ್ತಿದ್ದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಾರಪುಡಿ, ಒಂದೊಂದು ಪುಡಿಯನ್ನೂ ಮೂಸಿ ನೋಡಿ ನಗುತ್ತಿದ್ದೆ. ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಪೇಪರುಗಳು ಎಣ್ಣೆ ಕುಡಿದು ಕಟ್ಟೆಗೇ ಅಂಟಿದ್ದವು. ಅವನ್ನು ನಾನು ಚಾಕುವಿನಿಂದ ಕೆರೆದು ಕೆರೆದು ತೆಗೆದೆ. ಒಡೆಯುವ ಕಟ್ಟೆಯನ್ನು ಯಾಕೆ ತೊಳೆಯುತ್ತೀರಿ ಎಂದು ಲಾಲಮ್ಮ ಕೇಳಿದಳು. ಹೊಲಸು ಇಟ್ಟು ಕೊಡಬಾರದು ಎಂದು ನಾನು ಸೋಡಾ ಹಾಕಿ ತೊಳೆದೆ. ಸಿಲಿಂಡರಿನ ನಳಿಕೆ ಬಿಚ್ಚಿದೆವು. ಪಕ್ಕದ ಮನೆಯ ಅಖ್ತರ ಬೇಗಂ ಅವರ ಪಡಸಾಲೆಗೆ ಮನೆಬಳಕೆಯ ಸಾಮಾನೆಲ್ಲ ಸಾಗಿಸಿದೆವು.

ದೊಡ್ಡ ಸಾಮಾನನ್ನು ನೀನೇ ಬೇರೆ ಮಾಡಿಸಿದೆ. ಭಟ್ಟಿ, ಹಂಚುಗಳು, ಬೇಳೆ ಬೇಯಿಸುವ ಗುಂಡಿ ಪಾತ್ರೆಗಳು, ರೊಟ್ಟಿ ಬಡಿಯುವ ಹಲಗೆಗಳು. “ಇವು ಇಲ್ಲೇ ಇದ್ರ ಧೂಳ ಕೂಡತದ. ಸೇಡಂದಾಗ ನಮ್ಮ ಹಿಂದಿನ ಖೋಲಿ ಖಾಲಿ ಅದ, ಅಲ್ಲಿ ಇಡ್ತೀವಿ” ಎಂದು ಹೇಳಿ ಟೆಂಪೋ ಕರೆಸಿದೆ. ಭಟ್ಟಿ ಎತ್ತುವಾಗ ಕೈ ಸುಡುವುದಿಲ್ಲ ತಾನೆ ಎಂದು ನೀನು ನನ್ನನ್ನು ಕೇಳಿದ್ದು ನೆನಪಿದೆಯೇ? ಹಿಂದಿನ ದಿನವೇ ಆರಿಸಿದ ಭಟ್ಟಿ ಅದು. ತಣ್ಣಗಿತ್ತು. ನಾನೂ ಲಾಲಮ್ಮನೂ ಒಂದೊಂದು ಬದಿ ಹಿಡಿದು ಟೆಂಪೋಗೆ ಏರಿಸಿದೆವು.

ಕಲ್ಲು ಕೂಡುವ ತನಕ ಸೇಡಂನಲ್ಲಿರು ಎಂದು ನೀನು ನನ್ನನ್ನೂ ಕರೆದುಕೊಂಡು ಹೋದೆ. ಕಲ್ಲು ಕೂಡಿದ ಕೂಡಲೆ ಕರೆಸುತ್ತೇನೆ ಎಂದು ಲಾಲಮ್ಮನಿಗೆ ಹೇಳಿ ಬಸ್ಸು ಹತ್ತಿದೆ.

ನಿಮ್ಮ ಮನೆಯಲ್ಲಿ ನನಗೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಅಳಿಯ ದಿನಾ ಸಂಜೆ ಹಣ್ಣು ತಂದರು. ಹಿಂದಿನ ಖೋಲಿಗೆ ಬೀಗ ಹಾಕಿತ್ತು. ಹಂಚುಗಳಿಗೆ ಎಣ್ಣೆ ಸವರದಿದ್ದರೆ ಜಂಗು ಹಿಡಿಯುತ್ತವೆ, ಕೀಲಿ ಕೊಡು ಎಂದು ಕೇಳಿದೆ. ಕೀಲಿ ಸಂಗಮೇಶ್ವರರ ಹತ್ತಿರ ಇದೆ ಎಂದು ನೀನು ಹೇಳಿದೆ. ಮರುದಿನ ಮತ್ತೆ ಕೇಳಿದಾಗ ಮಾತು ತೇಲಿಸಿಬಿಟ್ಟೆ.

ಆಮೇಲೆ ನಿನ್ನ ನಾದಿನಿಯನ್ನು ನೋಡಲು ಹುಡುಗನ ಕಡೆಯವರು ಬಂದರು. ನಿನ್ನದೇ ರೇಷ್ಮೆ ಸೀರೆ ನನಗೆ ಉಡಿಸಿ ಸೋಫಾದ ಮೇಲೆ ಕೂಡಿಸಿದೆ. ಹುಟ್ಟಿದಾಗಿನಿಂದ ಅವ್ವ ಅವ್ವ ಎನ್ನುತ್ತಿದ್ದವಳು ಅವರೆದುರು, “ಇವರು ನಮ್ಮ ಮಮ್ಮಿ” ಎಂದೆ. ಇರಲಿ, ಹೊಸಬರೆದುರು ಹಾಗೆ ಅನ್ನಬೇಕೇನೋ ಎಂದುಕೊಂಡೆ. ಹುಡುಗನ ತಾಯಿ ಒಳ್ಳೆಯ ಹೆಂಗಸು. ಹೆಸರು, ಊರು ಕೇಳಿದರು. ಮಾಣಿಕಮ್ಮ, ಶಹಾಬಾದ ಎಂದೆ. ಅವರ ಮುಖ ಅರಳಿತು.

“ನಮ್ಮ ತಮ್ಮ ಅಲ್ಲಿ ನೌಕರಿ ಮಾಡ್ತಿದ್ದಾಗ ಮಾಣಿಕಮ್ಮ ಅಂತ ಒಬ್ರ ಖಾನಾವಳಿಯೊಳಗ ಉಣ್ತಿದ್ದರಿ. ಅವರ ರೊಟ್ಟಿ ಭಾಳ ನೆನಸ್ತಾನ ಇನ್ನೂ. ನೀವೇ ಏನ್ರಿ ಅವ್ರು?” ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹೇಳಿದೆ: “ಅದು ಬ್ಯಾರೆ ಮಾಣಿಕಮ್ಮ ಇರಬೇಕ್ರಿ. ನಮ್ಮ ಮಮ್ಮಿ ಮೊದಲಿಂದ ಮನಿಯಾಗೇ ಇರ್ತಾರ.”

ಅವರು ನನ್ನ ಮುಖ ನೋಡಿದರು. ನಿನ್ನ ಮಾತು ಸುಳ್ಳಾಗಬಾರದೆಂದು ನಾನು, “ಹೌದ್ರಿ, ಬ್ಯಾರೆಯವರು” ಎಂದುಬಿಟ್ಟೆ. ಕೈ ಮೇಲಿನ ಸುಟ್ಟ ಕಲೆ ಕಾಣದಂತೆ ಸೆರಗು ಎಳೆದುಕೊಂಡೆ. ರಾಧಿಕಾ, ನನ್ನ ಬಾಯಿಂದಲೇ ನಾನು ನಾನಲ್ಲ ಎಂದು ಹೇಳಿಸಿದೆಯಲ್ಲ. ಅವರು ಹೋದ ಮೇಲೆ ನೀನು ನನ್ನ ಭುಜ ಹಿಡಿದು, “ಭಾಳ ಚೊಲೊ ಮಾತಾಡಿದಿ ಅವ್ವಾ” ಎಂದೆ. ಆಗ ಮತ್ತೆ ಅವ್ವ ಆಗಿದ್ದೆ.

ಮರುದಿನ ಬೆಳಿಗ್ಗೆ ನೀನು ಶಾಲೆಗೆ ಹೋದ ಮೇಲೆ ರೈಲು ಹಿಡಿದೆ. ವಾಡಿಯಲ್ಲಿ ಇಳಿದು ಶಹಾಬಾದದ ಗಾಡಿಗೆ ಕಾಯಬೇಕಿತ್ತು. ನಮ್ಮ ರೊಟ್ಟಿ ತರಿಸಿಕೊಂಡು ವಾಡಿಯಲ್ಲಿ ಮಾರುವ ನಾಗರತ್ನಾ ನಿನಗೆ ಗೊತ್ತು. ಅವಳು ಸ್ಟೇಷನ್ನಿನಲ್ಲೇ ಸಿಕ್ಕಳು. ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡಳು.

“ಇಷ್ಟು ವರ್ಷ ಕೂಡಿ ಧಂದೆ ಮಾಡೀವಿ ಅಕ್ಕಾ. ಬಂದ್ ಮಾಡೋದಿದ್ರ ನೀವ ಹೇಳಬೇಕಿತ್ತು. ಮಗಳ ಕಡಿಂದ ಫೋನ್ ಮಾಡಿಸೋದಾ?”

ಏನು ಬಂದ್ ಮಾಡುವುದು ಎಂದು ನಾನು ಕೇಳಿದೆ. ಅವಳಿಗೆ ಆಗ ಅರ್ಥವಾಯಿತು. ನನ್ನನ್ನು ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟು ಎಲ್ಲ ಹೇಳಿದಳು. ಸಂಕ್ರಮಣ ಆದ ಕೂಡಲೆ ನೀನು ಅವಳಿಗೆ ಫೋನ್ ಮಾಡಿ, ಅವ್ವನಿಗೆ ಆಗುವುದಿಲ್ಲ, ಕಟ್ಟೆ ಕೆಡವಿದ ಮೇಲೆ ಬೇರೆ ಕಡೆ ರೊಟ್ಟಿ ನೋಡಿಕೊಳ್ಳಿ ಎಂದು ಹೇಳಿದ್ದೆಯಂತೆ. ಅಂದರೆ ನನ್ನ ಜೊತೆ ನೆಲಕ್ಕೆ ಕೂತು ಡಬ್ಬಿ ಒರೆಸುವಾಗ, ಹಿಂಡಿ ಮೂಸಿ ನಗುವಾಗ, ನಿನಗೆ ಎಲ್ಲ ಗೊತ್ತಿತ್ತು.

ಮನೆಗೆ ಬಂದೆ. ಚಾಂದ್ ಕಟ್ಟೆ ಕೂಡಿಸಿ ಅಂಚಿಗೆ ಪಾಲಿಶ್ ಹೊಡೆಯುತ್ತಿದ್ದ. ಕಪ್ಪು ಗ್ರಾನೈಟ್, ಮುಖ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಚೆಂದ ಇತ್ತು. ಎರಡು ಬರ್ನರಿನ ಸಣ್ಣ ಒಲೆ ಕೂಡುವಷ್ಟು ಅದರಲ್ಲಿ ಕತ್ತರಿಸಿದ್ದರು. ಭಟ್ಟಿ ಇಡುವ ಮೂಲೆಯಲ್ಲಿ ಗಾಜಿನ ಬಾಗಿಲಿನ ಕಪಾಟು ನಿಂತಿತ್ತು. ಕಿಂಡಿಯನ್ನು ಇಟ್ಟಿಗೆ ಇಟ್ಟು ಮುಚ್ಚಿ ಸಿಮೆಂಟಿನ ಗಿಲಾಯಿ ಮಾಡಿ ಬಣ್ಣವನ್ನೂ ಬಳಿದಿದ್ದರು.

“ಭಟ್ಟಿ ಎಲ್ಲಿಡಲಿ ಚಾಂದ್?” ಎಂದು ಕೇಳಿದೆ.

ಅವನು ಮಷೀನ್ ಆರಿಸಿದ. “ಭಟ್ಟಿ ಇರಂಗಿಲ್ಲ ಅಂತ ರಾಧಿಕಾ ಮೇಡಂ ಮೊದಲೇ ಹೇಳ್ಯಾರಲ್ರಿ. ನಿಮಗ ಗೊತ್ತಿಲ್ಲೇನ್ರಿ ಅಮ್ಮಾ?” ಎಂದ. ನನ್ನ ಮುಖ ನೋಡಿ ಅವನೇ ತಲೆ ತಗ್ಗಿಸಿದ. ಅವನ ತಪ್ಪೇನಿದೆ.

ಆಗಲೇ ನಿನಗೆ ಫೋನ್ ಮಾಡಿದ್ದು. ಅದೇ ಕಡೆಯ ಮಾತು. ಸಾಮಾನು ವಾಪಸ್ ಕಳಿಸು ಎಂದೆ. ನೀನು, “ಮಾರಿಬಿಟ್ವಿ ಅವ್ವಾ. ಎಷ್ಟು ದಿನ ಬೆಂಕಿ ಮುಂದ ಕುಂದರ್ತಿ? ನಿನ್ನ ಸಲುವಾಗೇ ಮಾಡೀವಿ” ಎಂದೆ. ಟೆಂಪೋ ಸೇಡಂಗೆ ಬಂದೇ ಇರಲಿಲ್ಲ. ಬೀಗ ಹಾಕಿದ ಖೋಲಿಯಲ್ಲಿ ಏನೂ ಇರಲಿಲ್ಲ.

ನನ್ನ ಸಲುವಾಗಿ ಎಂಬ ಮಾತನ್ನು ನಾನು ಅವತ್ತಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ನನ್ನ ಮೊಣಕಾಲು ನೋಯುವುದು ಖರೆ, ಬೇಸಿಗೆಯಲ್ಲಿ ಭಟ್ಟಿಯ ಮುಂದೆ ತಲೆ ತಿರುಗುವುದೂ ಖರೆ. ಅದಕ್ಕೇ ನಿಲ್ಲಿಸಿದ್ದರೆ, ಸೋಫಾದ ಮೇಲೆ ಕೂಡಿಸಿ ಬೇರೆ ಮಾಣಿಕಮ್ಮ ಎಂದು ಯಾಕೆ ಹೇಳುತ್ತಿದ್ದೆ? ನಾಚಿಕೆಯಾಗುತ್ತದೆ, ನಿಲ್ಲಿಸು ಎಂದು ಮುಖಕ್ಕೆ ಹೇಳಿದ್ದರೆ ನಾವಿಬ್ಬರೂ ಬಾಯಿಗೆ ಬಂದಂತೆ ಜಗಳಾಡುತ್ತಿದ್ದೆವು. ಆಮೇಲೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ನೀನು ಹಾಗೆ ಮಾಡಲಿಲ್ಲ. ನನ್ನ ಅಡುಗೆಮನೆಯನ್ನು ನನ್ನ ಕೈಯಿಂದಲೇ, ನಾನು ಹಿಗ್ಗುತ್ತಿರುವಾಗಲೇ, ಖಾಲಿ ಮಾಡಿಸಿದೆ.

ಇನ್ನೊಂದು ಮಾತು ನಿನಗೆ ಗೊತ್ತಿರಲಿ. ಸಂಜೆ ಲಾಲಮ್ಮನ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಕಲ್ಲು ಪಾಲಿಶ್ ಮಾಡುವಲ್ಲಿ ಕೂಲಿಗೆ ಹೋಗುತ್ತಿದ್ದಳಂತೆ. ತಲೆಯೆಲ್ಲ ಕಲ್ಲಿನ ಧೂಳು, ಕೆಮ್ಮುತ್ತಿದ್ದಳು. ಚಾಂದ್‌ನ ಬಾಯಿಂದ ಅವಳಿಗೆ ಎಲ್ಲ ಗೊತ್ತಾಗಿತ್ತು.

“ನನ್ನ ಕೈಲೇ ಭಟ್ಟಿ ಟೆಂಪೋಕ್ಕ ಹೇರಿಸಿದ್ರಿ. ಕೆಲಸ ಇಲ್ಲ ಅಂತ ಒಂದು ಮಾತು ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನೇನ್ರಿ ಅವ್ವಾ?” ಎಂದಳು.

ನನಗೂ ಗೊತ್ತಿರಲಿಲ್ಲ ಎಂದೆ. ಅವಳು ನಂಬಲಿಲ್ಲ. ಹೆತ್ತ ಮಗಳು ಹೇಳದೆ ಮಾಡುತ್ತಾಳೆಯೇ ಎಂದು ಕೇಳಿದಳು. ನಿನ್ನಿಂದ ನನಗೆ ಏನಾಗಿದೆಯೋ ಅದೇ ನನ್ನಿಂದ ತನಗಾಗಿದೆ ಎಂದು ಲಾಲಮ್ಮ ತಿಳಿದಿದ್ದಳು. ನೀನು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿದ್ದು ಅಲ್ಲಿ, ಅವಳ ಬಾಗಿಲಲ್ಲಿ.

ಎರಡು ದಿನ ಮನೆಯಲ್ಲಿ ಸುಮ್ಮನೆ ಕೂತೆ. ಹೊಸ ಕಟ್ಟೆಯ ಮೇಲೆ ಚಹಾ ಮಾಡಿಕೊಂಡೆ. ಊಟದ ಹೊತ್ತಿಗೆ ಫ್ಯಾಕ್ಟರಿಯವರು ಬಂದು ಬಾಗಿಲು ನೋಡಿ ವಾಪಸ್ ಹೋಗುತ್ತಿದ್ದರು. ಮೂರನೆಯ ದಿನ ಅಖ್ತರ ಬೇಗಂ ಬಂದರು. ನನ್ನನ್ನು ಬೈದರು. “ಏಳ್ರಿ ಮಾಣಿಕಮ್ಮ, ಸಾಕಿನ್ನು. ನಮ್ಮ ಹಿತ್ತಲದಾಗಿನ ಪತ್ರಾಸಿನ ಶೆಡ್ ಖಾಲಿ ಬಿದ್ದದ. ಆಡು ಮಾರಿದ ಮ್ಯಾಲೆ ಯಾರ್ ಕೇಳ್ತಾರ ಅದನ್ನ?” ಎಂದರು. ನಾನು ಮತ್ತೆ ಲಾಲಮ್ಮನ ಮನೆಗೆ ಹೋಗಿ, ಶೆಡ್ ಗುಡಿಸುತ್ತಿದ್ದೇನೆ, ನಂಬಿಕೆ ಇದ್ದರೆ ಬಾ, ಇಲ್ಲದಿದ್ದರೂ ಬಾ ಎಂದು ಹೇಳಿ ಬಂದೆ. ಅವಳು ಮಧ್ಯಾಹ್ನ ಬಂದಳು. ಕಸಬರಿಗೆ ನನ್ನ ಕೈಯಿಂದ ಕಸಿದುಕೊಂಡಳು.

ಈಗ ಅಲ್ಲೇ ರೊಟ್ಟಿ ನಡೆದಿದೆ. ಕಟ್ಟೆ ಇಲ್ಲ, ನೆಲದ ಮೇಲೇ ಕೂತು ಬಡಿಯುತ್ತೇವೆ. ಹೊಸ ಹಂಚು ಇನ್ನೂ ಪಳಗಿಲ್ಲ, ಮೊದಲ ರೊಟ್ಟಿಗಳು ಅಂಟಿಕೊಂಡು ಹರಿದವು. ಊಟಕ್ಕೆ ಬರುವವರು ಸಂದಿಯೊಳಗೆ ತಿರುಗಿ ಹಿತ್ತಲಿಗೆ ಬರುತ್ತಾರೆ. ನಾಗರತ್ನಾ ಮತ್ತೆ ಬುಟ್ಟಿ ತರಿಸಿಕೊಳ್ಳುತ್ತಿದ್ದಾಳೆ. ಲಾಲಮ್ಮ ನಿನ್ನೆ ಮೊದಲ ಸಲ ನಕ್ಕಳು.

ನೀನು ಹಾಕಿಸಿದ ಕಟ್ಟೆಯನ್ನು ನಾನು ಒಡೆಸುವುದಿಲ್ಲ, ಅಂಜಬೇಡ. ಅಳಿಯನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲೆ ಇದೆ, ಇನ್ನೂ ಕೆಲವು ದಿನ ಇರುತ್ತದೆ. ಕ್ಷಮಿಸು ಎಂದು ಹೇಳಲು ಓಡಿ ಬರಬೇಡ. ನನ್ನ ಅವ್ವ ರೊಟ್ಟಿ ಮಾಡುತ್ತಾಳೆ ಎಂದು ನಿನ್ನ ಬಾಯಿಂದ ಯಾರಿಗಾದರೂ, ನಿನ್ನ ಶಾಲೆಯ ಟೀಚರ್ ಒಬ್ಬಳಿಗಾದರೂ ಸರಿ, ಹೇಳಲು ಬಂದ ದಿನ ಬಾ. ಅವತ್ತು ಬಿಸಿ ರೊಟ್ಟಿ ಹಾಕುತ್ತೇನೆ.

ಮೈ ಕಡೆ ನೋಡಿಕೋ.

ನಿನ್ನ ಅವ್ವ,
ಖಾನಾವಳಿ ಮಾಣಿಕಮ್ಮ

ತಾ.ಕ.: ಕಾಗದ ಮಡಿಸುತ್ತಿದ್ದಾಗ ನಾಗರತ್ನಾ ಫೋನ್ ಮಾಡಿದಳು. ಸೇಡಂನ ಅಡುಗೆ ಕಾಂಟ್ರಾಕ್ಟರ್ ಒಬ್ಬ ಅವಳಿಗೆ ದೊಡ್ಡ ಆರ್ಡರ್ ಕೊಟ್ಟಿದ್ದಾನೆ, ಮುಂದಿನ ರವಿವಾರ ನಿಶ್ಚಯದ ಊಟಕ್ಕೆ ಕಡಕ್ ರೊಟ್ಟಿ. ಯಾರ ಮನೆ ಎಂದು ಅವಳಿಗೆ ಗೊತ್ತಿಲ್ಲ, ವಿಳಾಸ ಓದಿ ಹೇಳಿದಳು. ನಿಮ್ಮ ಮನೆಯದು. ನಿನ್ನ ನಾದಿನಿಯ ನಿಶ್ಚಯ ಗೊತ್ತಾಗಿದೆ ಎಂದು ನನಗೆ ತಿಳಿದದ್ದು ಹೀಗೆ. ಇಷ್ಟು ಸಲ ಫೋನ್ ಮಾಡಿದ್ದು ಕರೆಯಲಿಕ್ಕೋ, ಬರಬೇಡ ಎನ್ನಲಿಕ್ಕೋ, ಅದನ್ನು ನಾನು ಕೇಳುವುದಿಲ್ಲ. ಆರ್ಡರ್ ಹಿಡಿದಿದ್ದೇನೆ. ನಮ್ಮಲ್ಲಿ ಉಂಡ ಆ ಹುಡುಗನ ಸೋದರಮಾವ ಒಂದು ತುತ್ತು ತಿಂದರೆ ಗುರುತು ಹಿಡಿಯುತ್ತಾನೆ. ಯಾರು ಮಾಡಿದ್ದು ಎಂದು ಕೇಳಿದರೆ ನಿನ್ನ ಪಕ್ಕದಲ್ಲಿ ಕೂತು ಹೌದ್ರಿ ಎನ್ನಲು ಈ ಸಲ ನಾನು ಇರುವುದಿಲ್ಲ.